ಅರ್ಧ ಗೊತ್ತಿದ್ದವರಿಗೆ ಇನ್ನರ್ಧ ಬೇಕೆನಿಸುತ್ತದೆ

(ಶಿರಸಿಯಲ್ಲಿ ಪಾಲಕರು ಹಾಗೂ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸಂಘಟಕರು ನನಗೆ ಕೊಟ್ಟ ವಿಷಯ ‘ಮಕ್ಕಳಲ್ಲಿ ಕಲಿಕೆಯ ಆಸಕ್ತಿ ಹುಟ್ಟಿಸುವುದು ಹೇಗೆ’ ಎಂಬುದು. ನಾನು ಅದನ್ನು ಸ್ವಲ್ಪ ಹಿಗ್ಗಿಸಿಕೊಂಡಿದ್ದೇನೆ. ಮಕ್ಕಳನ್ನು ಮಾತ್ರ ಎದುರಿಗಿಟ್ಟುಕೊಂಡರೆ ನಾವು ಕೂಡಲೇ ಅಂಕ, ಪರೀಕ್ಷೆ, ಟ್ಯೂಷನ್ ಎಂದು ಮಾತಾಡಲು ಶುರು ಮಾಡುತ್ತೇವೆ. ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿಯುವ ಹೆಣ್ಣುಮಕ್ಕಳು ಈ ಊರಿನಲ್ಲೇ ಇದ್ದಾರೆ. ಮರ ಹತ್ತಲು ಬಾರದ ಯುವಕರು ನೆಲದ ಮೇಲೆ ನಿಂತು ಕಾರ್ಬನ್ ಫೈಬರ್ ದೋಟಿಯಿಂದ, ಅಂದರೆ ತುದಿಯಲ್ಲಿ ಕತ್ತಿ ಇರುವ ಉದ್ದ ಕೋಲಿನಿಂದ, ಅಡಿಕೆ ಕೊನೆ (ಗೊನೆ) ಇಳಿಸುವುದನ್ನು ಕಲಿಯುತ್ತಿದ್ದಾರೆ. ತದಡಿಯಲ್ಲೋ ಕಾರವಾರದಲ್ಲೋ ಬಂದರಿಗೆ ಹೋದರೆ, ಶಾಲೆಯನ್ನು ಅರ್ಧಕ್ಕೇ ಬಿಟ್ಟವರು ಜಿಪಿಎಸ್ ಪರದೆಯನ್ನು ಸಲೀಸಾಗಿ ಓದುತ್ತಾರೆ. ಇವರಿಗೆ ಯಾರೂ ಅಂಕ ಕೊಡುವುದಿಲ್ಲ. ಆದರೂ ಕಲಿಯುತ್ತಾರೆ. ಏಕೆ ಎಂದು ಕೇಳಿಕೊಂಡರೆ ಮಕ್ಕಳ ವಿಷಯಕ್ಕೂ ದಾರಿ ಸಿಗುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಸಕ್ತಿ ಬಂದ ಮೇಲೆ ಕಲಿಯುತ್ತೇವೆ ಎಂದು ನಾವೆಲ್ಲ ನಂಬಿದ್ದೇವೆ. ನಾನು ಕಂಡದ್ದು ಇದಕ್ಕೆ ತಿರುಗುಮುರುಗು. ಸ್ವಲ್ಪ ಕಲಿತ ಮೇಲೆ ಆಸಕ್ತಿ ಹುಟ್ಟುತ್ತದೆ. ಆ ಮೊದಲ ‘ಸ್ವಲ್ಪ’ ಎಲ್ಲಿಂದ ಬರಬೇಕು, ಯಾರು ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ.

ಇಲ್ಲಿ ಕುಳಿತವರಲ್ಲಿ ತೋಟದವರೇ ಹೆಚ್ಚು, ಆದ್ದರಿಂದ ತೋಟದಿಂದಲೇ ಆರಂಭಿಸುತ್ತೇನೆ. ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಕೊಳೆ ರೋಗದ ಔಷಧಿ, ಅಂದರೆ ಬೋರ್ಡೋ ಮಿಶ್ರಣ, ಹೊಡೆಯುವ ದಿನ ನೆನಪಿಸಿಕೊಳ್ಳಿ. ಒಂದು ಕಿಲೋ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಐವತ್ತು ಲೀಟರ್ ನೀರಿನಲ್ಲಿ ರಾತ್ರಿಯೇ ಇಳಿಬಿಟ್ಟಿರುತ್ತೀರಿ. ಇನ್ನೊಂದು ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣ, ಐವತ್ತು ಲೀಟರ್ ನೀರು. ಬೆಳಿಗ್ಗೆ ಎರಡನ್ನೂ ಕೂಡಿಸಿ ಕೋಲಿನಿಂದ ತಿರುವುತ್ತಿದ್ದರೆ ತಿಳಿ ಆಕಾಶದ ಬಣ್ಣ ಬರುತ್ತದೆ. ಆಮೇಲೆ ಮನೆಯ ಹಿರಿಯರೊಬ್ಬರು ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಒಂದಿಷ್ಟು ಹೊತ್ತು ಹಿಡಿದು ಮೇಲೆತ್ತಿ, ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಹಿಡಿದಿದ್ದರೆ, ಇನ್ನೊಂದಿಷ್ಟು ಸುಣ್ಣ ಹಾಕು ಎನ್ನುತ್ತಾರೆ. ಕೆಂಪು ಬರದಿದ್ದರೆ ಔಷಧಿ ಹದವಾಯಿತು.

ನಿಮ್ಮ ಮನೆಯ ಹುಡುಗ ಹುಡುಗಿಯರು ಇದನ್ನು ಪ್ರತಿ ವರ್ಷ ನೋಡುತ್ತಾರೆ. ಅದೇ ಮಗು ಹತ್ತನೇ ತರಗತಿಗೆ ಬಂದಾಗ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಒಂದು ಪ್ರಯೋಗ ಇದೆ: ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡಿ, ಸ್ವಲ್ಪ ಹೊತ್ತಿನ ನಂತರ ಮೊಳೆಯ ಬಣ್ಣ ನೋಡಿ. ಸ್ಥಾನಪಲ್ಲಟ ಕ್ರಿಯೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ, ಸಮೀಕರಣ ಬರೆಯುತ್ತಾರೆ, ಎರಡು ಅಂಕ ತೆಗೆದುಕೊಳ್ಳುತ್ತಾರೆ. ಮೈಲುತುತ್ತವೇ ತಾಮ್ರದ ಸಲ್ಫೇಟ್ ಎಂದು, ಆ ಮೊಳೆಯೇ ಅಜ್ಜನ ಕತ್ತಿ ಎಂದು ಅವರಿಗೆ ಹೊಳೆದಿರುವುದಿಲ್ಲ. ಯಾರೂ ಹೇಳಿರುವುದೂ ಇಲ್ಲ.

ನಾನು ತರಗತಿಯಲ್ಲಿ ಪಾಠ ಶುರು ಮಾಡುವ ಮೊದಲು, ‘ಔಷಧಿಗೆ ಕತ್ತಿ ಅದ್ದುವುದನ್ನು ನೋಡಿದವರು ಯಾರು?’ ಎಂದು ಕೇಳುತ್ತಿದ್ದೆ. ಕೈಗಳು ಏಳುತ್ತಿದ್ದವು. ಎಂದೂ ಬಾಯಿ ಬಿಡದ, ಹಿಂದಿನ ಬೆಂಚಿನ ಮಕ್ಕಳೇ ಮೊದಲು ಕೈ ಎತ್ತುತ್ತಿದ್ದರು. ಅವರಲ್ಲಿ ಹಲವರು ರಜೆಯಲ್ಲಿ ಡ್ರಮ್ ತಿರುವಿದವರು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಚುರುಕಿನ ಲೋಹ, ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಆ ತಾಮ್ರವೇ ಅಲಗಿನ ಮೇಲಿನ ಕೆಂಪು ಎಂದು ಹೇಳಿದರೆ ಸಾಕು, ಪ್ರಶ್ನೆಗಳು ಒಂದರ ಹಿಂದೆ ಒಂದು. ಸುಣ್ಣ ಹಾಕಿದರೆ ಕೆಂಪು ಏಕೆ ನಿಲ್ಲುತ್ತದೆ? ಸುಣ್ಣದ ಜೊತೆ ಸೇರಿ ತಾಮ್ರ ನೀರಿನಲ್ಲಿ ಕರಗದ ರೂಪಕ್ಕೆ ಬರುತ್ತದೆ. ಹಾಗಾದರೆ ಸುಣ್ಣ ಕಡಿಮೆಯಾದರೆ ಏನಾಗುತ್ತದೆ? ಕರಗಿ ಉಳಿದ ತಾಮ್ರ ಮಿಳ್ಳೆಯನ್ನೇ, ಅಂದರೆ ಎಳೆಯ ಅಡಿಕೆ ಕಾಯಿಯನ್ನೇ, ಸುಡುತ್ತದೆ. ಸ್ಟೀಲ್ ಚಮಚ ಅದ್ದಿದರೆ ಕೆಂಪು ಏಕೆ ಹಿಡಿಯುವುದಿಲ್ಲ? ಈ ಕೊನೆಯ ಪ್ರಶ್ನೆಯನ್ನು ಕೇಳಿದ್ದು ಮನೆಯಲ್ಲಿ ಮಾಡಿ ನೋಡಿ ಬಂದ ಒಬ್ಬ ಹುಡುಗಿ. ಸ್ಟೇನ್‌ಲೆಸ್ ಸ್ಟೀಲಿನ ಮೈಮೇಲೆ ಕ್ರೋಮಿಯಮ್ ಆಕ್ಸೈಡಿನ ತೆಳುವಾದ ಪದರ ಇರುತ್ತದೆ, ಅದು ಒಳಗಿನ ಕಬ್ಬಿಣವನ್ನು ಕಾಯುತ್ತದೆ ಎಂದು ವಿವರಿಸಬೇಕಾಯಿತು. ಆ ಪ್ರಶ್ನೆ ಆ ಪಾಠದಲ್ಲಿಲ್ಲ, ಪರೀಕ್ಷೆಯಲ್ಲಂತೂ ಬರುವುದಿಲ್ಲ. ಅವಳಿಗೆ ಅದು ಬೇಕಾಗಿತ್ತು, ಅಷ್ಟೇ.

ಇಲ್ಲಿ ಒಂದು ಸಣ್ಣ ಇತಿಹಾಸ ಹೇಳಬೇಕು, ವಿಷಯ ಬಿಟ್ಟು ಹೋದಂತೆ ಕಂಡರೂ ಸಹಿಸಿಕೊಳ್ಳಿ. ಈ ಔಷಧಿ ಬರುವ ಮೊದಲು ನಮ್ಮ ಹಿರಿಯರು ಕೊನೆಗಳಿಗೆ ಕರಡದ, ಅಂದರೆ ಒಣಹುಲ್ಲಿನ, ಕೊಟ್ಟೆ ಕಟ್ಟುತ್ತಿದ್ದರು. ಮಳೆ ನೀರು ಕೊನೆಯ ಮೇಲೆ ಬೀಳದಂತೆ ಒಂದೊಂದು ಕೊನೆಗೂ ಮರೆ. ಕೊಳೆಗೂ ಮಳೆಗೂ ಸಂಬಂಧ ಇದೆ ಎಂಬ ಅರ್ಧ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನರ್ಧ, ಅಂದರೆ ಅದಕ್ಕೆ ಕಾರಣವಾದ ಸೂಕ್ಷ್ಮಜೀವಿ, ಬೇರೆ ಕಡೆಯಿಂದ ಬರಬೇಕಾಗಿತ್ತು. ಬೋರ್ಡೋ ಮಿಶ್ರಣ ಹುಟ್ಟಿದ್ದು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಬೋರ್ಡೋ ಸಿಂಪಡಿಸುವುದನ್ನು ರೂಢಿಗೆ ತಂದರು. ಇಂದು ಘಟ್ಟದ ಮೇಲೂ ಕೆಳಗೂ ಆ ಮಿಶ್ರಣ ಗೊತ್ತಿಲ್ಲದ ಅಡಿಕೆ ಬೆಳೆಗಾರರಿಲ್ಲ. ರಸಾಯನಶಾಸ್ತ್ರದ ಒಂದು ಅಕ್ಷರ ಓದದವರು ಅದರ ಹದ ಪರೀಕ್ಷಿಸುವುದನ್ನು ಕಲಿತರು. ತೋಟ ಅವರದು, ನಷ್ಟ ಅವರದು, ಅರ್ಧ ಉತ್ತರ ಅವರ ಹತ್ತಿರವೇ ಇತ್ತು. ಅವರಿಗೆ ಆಸಕ್ತಿ ಹುಟ್ಟಿಸಲು ಯಾರೂ ಭಾಷಣ ಮಾಡಬೇಕಾಗಿರಲಿಲ್ಲ.

ಇದನ್ನು ಮನಶ್ಶಾಸ್ತ್ರದವರು ಬೇರೆ ದಾರಿಯಿಂದ ಕಂಡುಕೊಂಡಿದ್ದಾರೆ. ಜಾರ್ಜ್ ಲೋವೆನ್‌ಸ್ಟೈನ್ ಎಂಬ ಅಮೆರಿಕದ ವಿದ್ವಾಂಸರು 1994ರಲ್ಲಿ ಕುತೂಹಲದ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದುದಕ್ಕೂ ನಡುವಿನ ತೆರಪು ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ ಎಂಬುದು ಅವರ ವಾದ. ತೆರಪು ಕಾಣಬೇಕಾದರೆ ಈಚೆ ದಡದಲ್ಲಿ ಏನಾದರೂ ಇರಬೇಕಲ್ಲವೇ? ಏನೂ ಗೊತ್ತಿಲ್ಲದವನಿಗೆ ತನಗೆ ಏನು ಗೊತ್ತಿಲ್ಲ ಎಂಬುದೂ ಗೊತ್ತಿರುವುದಿಲ್ಲ. 2009ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಜನರಿಗೆ ಸಾಮಾನ್ಯಜ್ಞಾನದ ನಲವತ್ತು ಪ್ರಶ್ನೆ ಕೊಟ್ಟು, ಉತ್ತರ ಗೊತ್ತಿದೆ ಎಂಬ ಭರವಸೆ ಎಷ್ಟು, ತಿಳಿಯುವ ಕುತೂಹಲ ಎಷ್ಟು ಎಂದು ಕೇಳಿದರು. ಉತ್ತರದ ಸುಳಿವೇ ಇಲ್ಲದ ಪ್ರಶ್ನೆಗಳ ಬಗ್ಗೆ ಕುತೂಹಲ ಕಡಿಮೆ. ಖಚಿತವಾಗಿ ಗೊತ್ತಿದ್ದುದರ ಬಗ್ಗೆಯೂ ಕಡಿಮೆ. ‘ಇದು ಇರಬಹುದು, ಅಲ್ಲದೆಯೂ ಇರಬಹುದು’ ಎಂಬ ನಡುಮಧ್ಯದಲ್ಲಿ ಕುತೂಹಲ ಅತಿ ಹೆಚ್ಚು. ಕುತೂಹಲ ಹೆಚ್ಚಿದ್ದ ಪ್ರಶ್ನೆಗಳ ಉತ್ತರ ಒಂದೆರಡು ವಾರಗಳ ನಂತರವೂ ಅವರ ನೆನಪಿನಲ್ಲಿ ಹೆಚ್ಚು ಉಳಿದಿತ್ತು.

ಶಿಕ್ಷಕ ಮಿತ್ರರು ಇದನ್ನು ಗಮನಿಸಬೇಕು. ಮಗು ಆಕಳಿಸುತ್ತಿದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ಪಾಠ ಅದಕ್ಕೆ ಪೂರ್ತಿ ಹೊಸದು, ಅಥವಾ ಪೂರ್ತಿ ಹಳೆಯದು. ಎರಡನ್ನೂ ನಾವು ‘ಆಸಕ್ತಿ ಇಲ್ಲ’ ಎಂದು ಒಂದೇ ಬಾಯಿಯಲ್ಲಿ ಬರೆದುಬಿಡುತ್ತೇವೆ.

ಬಹುಮಾನದ ವಿಷಯಕ್ಕೆ ಬರುತ್ತೇನೆ. ಪಾಲಕರು ನನ್ನನ್ನು ಹೆಚ್ಚು ಕೇಳುವುದು ಇದನ್ನೇ. ತೊಂಬತ್ತು ತೆಗೆದರೆ ಸೈಕಲ್ ಕೊಡಿಸುತ್ತೇನೆ, ತೊಂಬತ್ತೈದು ತೆಗೆದರೆ ಮೊಬೈಲ್ ಕೊಡಿಸುತ್ತೇನೆ ಎನ್ನುವುದು ಸರಿಯೇ? 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವನ್ನು ನಿಮಗೆ ಹೇಳಲೇಬೇಕು. ತಾವಾಗಿಯೇ ಸ್ಕೆಚ್ ಪೆನ್ ಹಿಡಿದು ಚಿತ್ರ ಬಿಡಿಸುವುದರಲ್ಲಿ ಖುಷಿ ಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಬಂಗಾರದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದು ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ಮರೆಯಿಂದ ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಬಹುಮಾನ ಪಡೆದ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ.

ಮಂಗಗಳ ಮೇಲೂ ಇಂಥ ಪ್ರಯೋಗ ನಡೆದಿದೆ. ತೋಟಕ್ಕೆ ನುಗ್ಗುವ ಮಂಗನನ್ನು ಓಡಿಸುವುದರಲ್ಲೇ ನಮ್ಮ ಆಯುಷ್ಯ ಕಳೆಯುತ್ತದೆ, ಅವು ಏನನ್ನಾದರೂ ಸುಮ್ಮನೆ ಕುತೂಹಲಕ್ಕೆ ಮಾಡುತ್ತವೆ ಎಂದರೆ ನಮಗೆ ನಂಬಿಕೆ ಬಾರದು. ಹ್ಯಾರಿ ಹಾರ್ಲೋ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಂಡಿ, ಚಿಲಕ ಇರುವ ಒಗಟಿನ ಹಲಗೆಯನ್ನು ಮಂಗಗಳ ಮುಂದೆ ಇಟ್ಟರು. ತಿನ್ನಲು ಏನೂ ಕೊಡಲಿಲ್ಲ. ಅವು ಬಿಚ್ಚಿ ಬಿಚ್ಚಿ ಕಲಿತವು. ಆಮೇಲೆ ಅದರೊಳಗೆ ತಿಂಡಿ ಇಟ್ಟಾಗ ತಪ್ಪುಗಳು ಹೆಚ್ಚಾದವು.

ಹಾಗೆಂದು ಬೆನ್ನು ತಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಮೊದಲಾದವರು 1999ರಲ್ಲಿ ಇಂಥ 128 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲೇ ಮಾತುಕೊಟ್ಟ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ತಗ್ಗಿಸುತ್ತದೆ ಎಂದೂ, ಮನಃಪೂರ್ವಕವಾದ ಮೆಚ್ಚುಗೆಯ ಮಾತು ಅದನ್ನು ಹೆಚ್ಚಿಸಬಲ್ಲದು ಎಂದೂ ಕಂಡುಬಂತು. ಚೆಂದ ಮಾಡಿದ್ದೀಯ, ಈ ಗೆರೆ ಹೇಗೆ ಎಳೆದೆ ತೋರಿಸು ಎಂಬ ಮಾತಿಗೆ ಕಾಸು ಖರ್ಚಿಲ್ಲ.

ಈಗ ನಿಮ್ಮಲ್ಲಿ ಕೆಲವರು ಒಳಗೊಳಗೇ ಕೇಳುತ್ತಿರಬಹುದು: ಹೊಟ್ಟೆಪಾಡು ಪ್ರೇರಣೆ ಅಲ್ಲವೇ? ದೋಟಿ ಕಲಿಯುವ ಹುಡುಗ ಸಂಬಳಕ್ಕೇ ತಾನೇ ಕಲಿಯುವುದು? ಖಂಡಿತ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗದ ಈ ಕಾಲದಲ್ಲಿ ಆ ಕೆಲಸಕ್ಕೆ ಒಳ್ಳೆಯ ಕೂಲಿ ಇದೆ, ಅದೇ ಅವನನ್ನು ತೋಟಕ್ಕೆ ಕರೆತರುತ್ತದೆ. ಬದುಕು ಕಟ್ಟಿಕೊಳ್ಳಲು ಕಲಿಯುವುದರಲ್ಲಿ ಕೀಳೆನ್ನುವುದು ಏನೂ ಇಲ್ಲ. ಆದರೆ ಮೊದಲ ದಿನಗಳನ್ನು ನೋಡಿದವರಿಗೆ ಗೊತ್ತು. ಅರವತ್ತು ಎಪ್ಪತ್ತು ಅಡಿ ಎತ್ತರದ ದೋಟಿ ತುದಿಯಲ್ಲಿ ತೂಗಾಡುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ಕತ್ತಿ ಕೊನೆಯ ಬುಡಕ್ಕೆ ಸಿಕ್ಕುವುದೇ ಇಲ್ಲ. ಆ ಹೊತ್ತಿನಲ್ಲಿ ಕೂಲಿಯ ಲೆಕ್ಕ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಮೊದಲ ಕೊನೆ ಸರಿಯಾಗಿ ಕಡಿದು ಕೆಳಗೆ ಬಂದಾಗ ಆಗುವ ಸಂತೋಷ ಇದೆಯಲ್ಲ, ನನ್ನ ಕೈಯಲ್ಲಿ ಆಗುತ್ತದೆ ಎಂಬ ಭರವಸೆ, ಅದು ನಿಲ್ಲಿಸುತ್ತದೆ. ಸಂಬಳ ಬಾಗಿಲವರೆಗೆ ತರುತ್ತದೆ, ಒಳಗೆ ಉಳಿಸುವುದು ಬೇರೆಯೇ.

ಈ ಜಿಲ್ಲೆಯಲ್ಲಿ ಹುಟ್ಟಿದ ನಮಗೆ ಕಲಿಸುವ ಪದ್ಧತಿಯನ್ನು ಹುಡುಕಿಕೊಂಡು ದೂರ ಹೋಗುವ ಅಗತ್ಯವೇ ಇಲ್ಲ. ಯಕ್ಷಗಾನ ಮೇಳದಲ್ಲಿ ಹಿಂದೆ ಹುಡುಗನೊಬ್ಬ ಹೇಗೆ ಕಲಿಯುತ್ತಿದ್ದ ಎಂಬುದನ್ನು ನೋಡಿ. ಮೇಳಕ್ಕೆ ಸೇರುವ ಮೊದಲೇ ಅವನು ಎಷ್ಟೋ ರಾತ್ರಿ ಆಟ ನೋಡಿರುತ್ತಿದ್ದ. ತಾಳ ಕಿವಿಯಲ್ಲಿರುತ್ತಿತ್ತು, ಮಾತುಗಳು ಅರೆಬರೆ ಬಾಯಿಯಲ್ಲಿರುತ್ತಿದ್ದವು. ಮೇಳಕ್ಕೆ ಬಂದ ಮೇಲೆ ಮೊದಲು ಕೋಡಂಗಿ ವೇಷ. ಸಂಜೆ, ಪೂರ್ವರಂಗದಲ್ಲಿ, ಜನ ಇನ್ನೂ ಸೇರುತ್ತಿರುವ ಹೊತ್ತಿನಲ್ಲಿ ನಾಲ್ಕು ಹೆಜ್ಜೆ. ಆದರೆ ಅದು ತಾಲೀಮಿನ ಜಗಲಿಯಲ್ಲ, ನಿಜವಾದ ರಂಗಸ್ಥಳ. ಬಾರಿಸುವವರು ನಿಜವಾದ ಮದ್ದಳೆಯವರು. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಹಾಗೆಯೇ ಮುಂದೆ. ತನ್ನ ಪಾಲಿನದು ಮುಗಿದ ಮೇಲೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಹಿರಿಯರಿಗೆ ಗೆಜ್ಜೆ ಕಟ್ಟಿ, ಅವರು ಮುಂಡಾಸು ಸುತ್ತುವುದನ್ನು ಹತ್ತಿರದಿಂದ ನೋಡಿ, ನಿದ್ದೆ ತಡೆಯುವವರೆಗೂ ರಂಗದ ಬದಿಯಲ್ಲಿ ಕುಳಿತು ಆಟ ನೋಡುತ್ತಿದ್ದ. ಇಂದು ತನ್ನಿಂದಾಗುವುದು ಯಾವುದು, ನಾಳೆ ಆಗಬೇಕಾದುದು ಯಾವುದು ಎಂಬುದು ಪ್ರತಿ ರಾತ್ರಿ ಕಣ್ಣ ಮುಂದೆಯೇ ಇರುತ್ತಿತ್ತು.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರವನ್ನೇ ಆರಂಭಿಸಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಳವೆಯಲ್ಲೇ ಶಾಲೆ ಬಿಟ್ಟವರು. 2012ರಲ್ಲಿ ಪದ್ಮಶ್ರೀ ಪಡೆದರು. ಅವರಿಗೆ ಕಲಿಯುವ ಆಸಕ್ತಿ ಇರಲಿಲ್ಲ ಎಂದು ಹೇಳುವ ಎದೆಗಾರಿಕೆ ಯಾರಿಗಿದೆ?

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದೆ ನಾನು ಮುಂದೆ ಹೋಗಲಾರೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡು, ಶಾಲೆಯ ಮೆಟ್ಟಿಲು ಹತ್ತದೆ, ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿಮಡಿಗೆ ದಿನಗೂಲಿಗೆ ಹೋದ ಹಾಲಕ್ಕಿ ಸಮುದಾಯದ ಹುಡುಗಿ. ಮಡಿಯಲ್ಲಿ ಬೀಜ ಬಿತ್ತುವವರಿಗೆ ಮೊಳಕೆ ಬಂದದ್ದೂ ಕಾಣುತ್ತದೆ, ಬಾರದ್ದೂ ಕಾಣುತ್ತದೆ. ಇದು ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆಯನ್ನು ಮಣ್ಣೇ ಕೇಳುತ್ತದೆ. ಯಾವ ಮರದ ಬೀಜ ಒಳ್ಳೆಯದು, ಅದನ್ನು ಯಾವ ಹೊತ್ತಿನಲ್ಲಿ ಆರಿಸಬೇಕು, ಕಾಡಿನಲ್ಲಿ ತಾಯಿಮರವನ್ನು ಗುರುತಿಸುವುದು ಹೇಗೆ ಎಂಬುದನ್ನು ಅವರು ಕಲಿತದ್ದು ಹೀಗೆ, ಒಂದು ಬೀಜದಿಂದ ಇನ್ನೊಂದಕ್ಕೆ. ದಶಕಗಳ ಕಾಲ ಕೂಲಿಯಾಗಿದ್ದ ಅವರ ಜ್ಞಾನವನ್ನು ಕಂಡು ಇಲಾಖೆಯೇ ಅವರನ್ನು ಕಾಯಂ ಮಾಡಿಕೊಂಡಿತು. ಪದ್ಮಶ್ರೀ ಘೋಷಣೆಯಾಗುವ ಹೊತ್ತಿಗೆ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಆ ಪ್ರಶಸ್ತಿಗಾಗಿ ಅವರು ಒಂದು ಬೀಜವನ್ನೂ ಹೆಕ್ಕಿರಲಿಲ್ಲ.

ಆದರೆ ಇಲ್ಲಿ ನನಗೆ ಒಂದು ಸಂಕಟವೂ ಇದೆ. ಇಂಥವರ ಕಥೆಯನ್ನು ಹೇಳಿ, ನೋಡಿ, ಶಾಲೆಯಿಲ್ಲದೆಯೂ ಕಲಿಯಬಹುದು ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಅನ್ಯಾಯ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರು ತಾಯಿಯಿಂದ ಕಲಿತ ಹಾಡುಗಳನ್ನು ಬದುಕಿನುದ್ದಕ್ಕೂ ಹಾಡಿದರು. ತಾವು ಶಾಲೆಗೆ ಹೋಗದವರು, ತಮ್ಮ ಜನ ಅಕ್ಷರ ಕಲಿಯಬೇಕು ಎಂದು ಓಡಾಡಿದರು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ್ದು ಏಕೆ? ಬಡವರ ಮಕ್ಕಳಿಗೆ ಓದು ಹತ್ತುವುದಿಲ್ಲ ಎನ್ನುತ್ತಿದ್ದ ಕಾಲದಲ್ಲಿ ಅವರು ಹಳ್ಳಿಗಳ ಕಡೆಗೆ ಹೈಸ್ಕೂಲುಗಳನ್ನು ಒಯ್ದರು. ಮಕ್ಕಳು ಬಂದರು. ಆಸಕ್ತಿ ಮೊದಲೂ ಇತ್ತು, ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ ಇರಲಿಲ್ಲ. ಹೊಳೆ ದಾಟಿ, ಕಾಡು ದಾಟಿ, ಬಸ್ಸಿಗೆ ಕಾದು ಬರುವ ಮಗು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಅದನ್ನು ನಿರಾಸಕ್ತಿ ಎಂದು ಕರೆಯುವ ಮೊದಲು ನಾವು ಹತ್ತು ಸಲ ಯೋಚಿಸಬೇಕು.

ದೊಡ್ಡವರ ವಿಷಯ ಸ್ವಲ್ಪ ಉಳಿದಿದೆ. ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಧಾನ ಆಗಬಹುದು. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮೊಮ್ಮಗುವಿನ ಮುಖ ನೋಡಬೇಕೆಂದು ವಿಡಿಯೋ ಕರೆ ಮಾಡುವುದನ್ನು ಕಲಿತ ಅಜ್ಜಿಯರು ಈ ಸುತ್ತಿನ ಮನೆಮನೆಯಲ್ಲಿದ್ದಾರೆ. ಅದೇ ಅಜ್ಜಿಗೆ ಮೊಬೈಲಿನಲ್ಲಿ ವಿದ್ಯುತ್ ಬಿಲ್ ಕಟ್ಟಲು ಹೇಳಿಕೊಡಿ, ಅದೆಲ್ಲ ನನಗೆ ಬೇಡ ಎನ್ನುತ್ತಾರೆ. ತಲೆ ಒಂದೇ, ಮೊಬೈಲ್ ಒಂದೇ. ಒಂದರ ಆಚೆ ತುದಿಯಲ್ಲಿ ತನ್ನವರಿದ್ದಾರೆ, ಇನ್ನೊಂದರ ತುದಿಯಲ್ಲಿ ಯಾರೂ ಇಲ್ಲ. ಡೆಸಿ ಮತ್ತು ರಯಾನ್ ತಮ್ಮ ಸಿದ್ಧಾಂತದಲ್ಲಿ ಮೂರು ಹಂಬಲಗಳನ್ನು ಹೇಳುತ್ತಾರೆ: ನನ್ನ ಇಷ್ಟದಿಂದ ಮಾಡುತ್ತಿದ್ದೇನೆ ಎನಿಸಬೇಕು, ನನ್ನಿಂದ ಆಗುತ್ತದೆ ಎನಿಸಬೇಕು, ನನ್ನವರ ಜೊತೆ ಇದ್ದೇನೆ ಎನಿಸಬೇಕು. ವಿಡಿಯೋ ಕರೆಯಲ್ಲಿ ಮೂರೂ ಇವೆ.

ದೊಡ್ಡವರ ದಾರಿಗೆ ಅಡ್ಡ ನಿಲ್ಲುವುದು ಬುದ್ಧಿಯ ಕೊರತೆಗಿಂತ ಹೆಚ್ಚಾಗಿ ನಾಚಿಕೆ. ಮೈದಾನದಲ್ಲಿ ಸ್ಕೂಟರ್ ಕಲಿಯುವಾಗ ಬಿದ್ದರೆ ಯಾರಾದರೂ ನಗುತ್ತಾರೆ. ಬ್ಯಾಂಕಿನಲ್ಲಿ ಚಲನ್ ತುಂಬಲು ಬಾರದೆ ಕೇಳಿದರೆ ಕೌಂಟರಿನ ಆಚೆಯವರು ಹುಬ್ಬು ಗಂಟಿಕ್ಕುತ್ತಾರೆ. ಎರಡು ಸಲ ಹೀಗಾದರೆ ಮೂರನೆಯ ಸಲ ಮನುಷ್ಯ ಕೇಳುವುದಿಲ್ಲ, ಮಗನ ಕೈಗೆ ಕಾಗದ ಕೊಟ್ಟು ಸುಮ್ಮನಾಗುತ್ತಾನೆ. ಮನೆಯಲ್ಲಿ ನಾವೇ ಇದನ್ನು ಮಾಡುತ್ತೇವೆ. ‘ಎಷ್ಟು ಸಲ ಹೇಳಿಕೊಡಬೇಕು ನಿನಗೆ?’ ಎಂದು ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡು ಕೆಲಸ ನಾವೇ ಮುಗಿಸಿ ಕೊಡುವ ಮಕ್ಕಳು ಈ ಸಭೆಯಲ್ಲೂ ಇರಬಹುದು. ಹಾಗೆ ಮಾಡಬೇಡಿ. ಅವರ ಬೆರಳೇ ಒತ್ತಲಿ. ತಪ್ಪು ಒತ್ತಿದರೂ ಲೋಕವೇನೂ ಮುಳುಗುವುದಿಲ್ಲ.

ಈ ಬಾರಿ ಔಷಧಿ ಹೊಡೆಯುವ ದಿನ ಮಕ್ಕಳು ಮನೆಯಲ್ಲಿದ್ದರೆ ಅವರನ್ನು ಡ್ರಮ್ಮಿನ ಹತ್ತಿರ ಕರೆಯಿರಿ. ಮೈಲುತುತ್ತ ವಿಷ, ಕೈಗವಸು ಹಾಕಿಸಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಆದರೆ ಕತ್ತಿ ಅದ್ದುವುದನ್ನು ಅವರಿಂದಲೇ ಮಾಡಿಸಿ. ಕೆಂಪು ಏಕೆ ಬಂತು ಎಂದು ನಿಮಗೆ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಶಾಲೆಯಲ್ಲಿ ಕೇಳಿಕೊಂಡು ಬಂದು ನನಗೂ ಹೇಳು ಎನ್ನಿ. ಶಿಕ್ಷಕರೇ, ಆ ಮಗು ಆ ಪ್ರಶ್ನೆ ಹಿಡಿದು ಬಂದಾಗ ಸಿಲೆಬಸ್ ಮುಗಿಸಬೇಕು ಎಂದು ಕೂರಿಸಬೇಡಿ.

ನನ್ನ ಮಾತು ಇಷ್ಟೇ. ಉಳಿದ ಹೊತ್ತು ಪ್ರಶ್ನೆಗಳಿಗೆ. ಸಾಮಾನ್ಯವಾಗಿ ಮುಂದಿನ ಸಾಲಿನವರೇ ಮೈಕ್ ಹಿಡಿಯುತ್ತಾರೆ. ಇವತ್ತು ಹಿಂದೆ ಬಾಗಿಲ ಹತ್ತಿರ ಕುಳಿತಿರುವ ತಾಯಂದಿರಿಂದ ಆರಂಭಿಸೋಣ. ಮೈಕ್ ಬೇಡವೆಂದರೆ ಕುಳಿತಲ್ಲಿಂದಲೇ ಕೇಳಿ, ನಾನೇ ಅಲ್ಲಿಗೆ ಬರುತ್ತೇನೆ.